ಸುಣ್ಣ ಯಾವ ಕಾಲಂಗೆ ಸೇರುತ್ತದೆ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಕರಾವಳಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಏಳನೆಯ ತರಗತಿಯ ಕೊನೆಯ ಬೆಂಚಿನಲ್ಲಿ ವೀಕ್ಷಣಾ ನಮೂನೆ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಭೌತ ಮತ್ತು ರಾಸಾಯನಿಕ ಬದಲಾವಣೆಗಳ ಪಾಠ ಮಾಡುತ್ತಿದ್ದರು. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದ್ದರು. ಎಡಕ್ಕೆ ‘ಹಿಂದಿರುಗಿಸಬಹುದು’, ಬಲಕ್ಕೆ ‘ಹಿಂದಿರುಗಿಸಲಾಗದು’. ಮಂಜುಗಡ್ಡೆ ಎಡಕ್ಕೆ ಹೋಯಿತು, ಸುಟ್ಟ ಕಾಗದ ಬಲಕ್ಕೆ ಹೋಯಿತು. ಆಗ ಒಬ್ಬ ಹುಡುಗ ಎದ್ದು ನಿಂತ.

“ಸರ್, ನಮ್ಮ ಅಜ್ಜ ಚಿಪ್ಪು ಸುಡ್ತಾರೆ. ಸುಟ್ಟ ಚಿಪ್ಪಿಗೆ ನೀರು ಹಾಕಿದ್ರೆ ಬುಸುಬುಸು ಅಂತ ಬಿಸಿ ಆಗಿ ಹುಡಿ ಆಗ್ತದೆ. ಅದನ್ನು ಯಾವ ಸೈಡಿಗೆ ಬರೆಯುದು?”

ಪ್ರಶಿಕ್ಷಣಾರ್ಥಿ ಪಾಠ ಯೋಜನೆಯನ್ನು ಮೇಜಿನ ಮೇಲಿಟ್ಟು ಆ ಹುಡುಗನನ್ನೇ ಕೇಳತೊಡಗಿದರು. ಸುಡುವ ಮೊದಲು ಚಿಪ್ಪು ಹೇಗಿರುತ್ತದೆ? ಸುಟ್ಟ ಮೇಲೆ ಹಗುರಾಗುತ್ತದೆಯೇ? ಆ ಸುಣ್ಣವನ್ನು ಗೋಡೆಗೆ ಬಳಿದರೆ ಏನಾಗುತ್ತದೆ? ಹತ್ತು ನಿಮಿಷ ಇಡೀ ತರಗತಿ ಮಾತಾಡಿತು. ಗಂಟೆ ಬಾರಿಸಿದಾಗ ಮೌಲ್ಯಮಾಪನದ ಹಂತ ಉಳಿದೇಹೋಗಿತ್ತು. ನಾನು ನಮೂನೆಯಲ್ಲಿ ‘ಸಮಯ ಪಾಲನೆ ಸುಧಾರಿಸಬೇಕು’ ಎಂದು ಬರೆದು ಅಂಕ ಕಡಿತ ಮಾಡಿದೆ. ಹಿಮ್ಮಾಹಿತಿ ನೀಡುವಾಗ ಅವರು ಒಂದೇ ಮಾತು ಕೇಳಿದರು: “ಮೇಡಂ, ಆ ಹುಡುಗನಿಗೆ ನಾನು ಏನು ಹೇಳಬೇಕಿತ್ತು?” ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಹತ್ತಾರು ವರ್ಷ ಅದೇ ಎರಡು ಕಾಲಂ ಪಟ್ಟಿಯನ್ನು ಕಲಿಸಿಕೊಟ್ಟವಳು ನಾನೇ.

ಆ ಪ್ರಶ್ನೆಯ ಹಿಂದೆ ಹೋದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ‘ಹಿಂದಿರುಗಿಸಬಹುದೇ’ ಎಂಬುದು ರಾಸಾಯನಿಕ ಬದಲಾವಣೆಯನ್ನು ಗುರುತಿಸುವ ಒರೆಗಲ್ಲಲ್ಲ. ಅದನ್ನೇ ಮೊದಲ ಪಾಠವಾಗಿ ಕಲಿಸುವುದನ್ನು ನಾವು ಬಿಡಬೇಕು.

ಚಿಪ್ಪನ್ನೇ ನೋಡೋಣ. ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ಗೂಡಿನಲ್ಲಿ ಚೆನ್ನಾಗಿ ಸುಟ್ಟಾಗ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದರೆ 18 ಗ್ರಾಂ ನೀರು ಸುಣ್ಣದೊಡನೆ ಸೇರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಹುಡುಗ ಹೇಳಿದ ಬಿಸಿ ಹುಟ್ಟುವುದು ಇಲ್ಲಿಯೇ. ಅದನ್ನು ಗೋಡೆಗೆ ಬಳಿದಾಗ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು, ನೀರನ್ನು ಬಿಟ್ಟುಕೊಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಅಂದರೆ ಅಜ್ಜ ಸುಟ್ಟ ಚಿಪ್ಪಿನ ದ್ರವ್ಯ ಮನೆಯ ಗೋಡೆಯ ಮೇಲೆ ಮರಳಿ ಬಂದು ಕುಳಿತಿದೆ. ಮೂರೂ ಹಂತ ರಾಸಾಯನಿಕ ಬದಲಾವಣೆ. ಆದರೂ ಮೂಲ ಪದಾರ್ಥ ಹಿಂದಿರುಗಿತು.

ಇನ್ನೊಂದು ಕಡೆಯಿಂದಲೂ ಈ ನಿಯಮ ನಿಲ್ಲುವುದಿಲ್ಲ. ರಾಗಿಯನ್ನು ಬೀಸಿದ ಮೇಲೆ ಹಿಟ್ಟನ್ನು ಕಾಳು ಮಾಡಲಾದೀತೇ? ಹರಿದ ಕಾಗದ, ಒಡೆದ ಗಾಜು ಮೊದಲಿನಂತಾಗುವುದಿಲ್ಲ. ಇವೆಲ್ಲ ಭೌತ ಬದಲಾವಣೆಗಳೇ.

‘ಸುಲಭವಾಗಿ ಹಿಂದಿರುಗಿಸಲಾಗದು ಎಂದು ತಿದ್ದಿಕೊಂಡರಾಯಿತು’ ಎನ್ನುವವರಿದ್ದಾರೆ. ಆಗ ನಾವು ಅಳೆಯುವುದು ನಮ್ಮ ಶ್ರಮವನ್ನೇ ಹೊರತು ಪದಾರ್ಥಕ್ಕೆ ಏನಾಯಿತು ಎಂಬುದನ್ನಲ್ಲ. ಆಧುನಿಕ ರಸಾಯನಶಾಸ್ತ್ರದ ಬುನಾದಿಯ ಪ್ರಯೋಗಗಳಲ್ಲೊಂದು ಹಿಂದಿರುಗುವ ಬದಲಾವಣೆಯೇ. ಫ್ರಾನ್ಸಿನ ಲವಾಸಿಯೆ ಪಾದರಸವನ್ನು ಗಾಳಿಯೊಡನೆ ಹನ್ನೆರಡು ದಿನ ಕಾಯಿಸಿ ಕೆಂಪು ಪುಡಿ ಪಡೆದರು. ಆ ಪುಡಿಯನ್ನು ಇನ್ನೂ ಹೆಚ್ಚು ಕಾಯಿಸಿದಾಗ ಪಾದರಸವೂ, ಅದು ಗಾಳಿಯಿಂದ ಹೀರಿಕೊಂಡಿದ್ದ ಅನಿಲವೂ ಮರಳಿ ದೊರೆತವು. 1789ರ ತಮ್ಮ ಗ್ರಂಥದಲ್ಲಿ ಅವರು ಇದನ್ನು ವಿವರಿಸಿದ್ದಾರೆ. ಎನ್‌ಸಿಇಆರ್‌ಟಿಯ ಹಿಂದಿನ ಏಳನೆಯ ತರಗತಿಯ ಪುಸ್ತಕವೂ ಈ ಲಕ್ಷಣ ಹೇಳುವಾಗ ‘ಸಾಮಾನ್ಯವಾಗಿ’ ಎಂಬ ಎಚ್ಚರಿಕೆ ಸೇರಿಸಿತ್ತು. ಪುಸ್ತಕದಿಂದ ಪಾಠ ಯೋಜನೆಗೆ, ಅಲ್ಲಿಂದ ಕಪ್ಪುಹಲಗೆಗೆ ಬರುವಷ್ಟರಲ್ಲಿ ಆ ಪದ ಉದುರಿಹೋಗುತ್ತದೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ‘ಬೇರೆ ಪದಾರ್ಥ ಉಂಟಾಯಿತೇ? ಅದು ನಮಗೆ ಹೇಗೆ ಗೊತ್ತು?’ ಇಲ್ಲಿ ಭಾಷೆಯದೂ ಒಂದು ತೊಡಕಿದೆ. ನಾವು ‘ಹೊಸ ವಸ್ತು ಉಂಟಾಗುತ್ತದೆ’ ಎನ್ನುತ್ತೇವೆ. ಮಗುವಿಗೆ ಬಟ್ಟೆಯಿಂದ ಹೊಲಿದ ಅಂಗಿಯೂ ಹೊಸ ವಸ್ತುವೇ, ಕಾಗದದ ದೋಣಿಯೂ ಹೊಸ ವಸ್ತುವೇ. ‘ಪದಾರ್ಥ’ ಎಂದರೆ ಕರಾವಳಿಯ ಮಕ್ಕಳಿಗೆ ಊಟಕ್ಕೆ ಬಡಿಸುವ ಸಾಂಬಾರು ನೆನಪಾಗುತ್ತದೆ. ಯಾವ ಪದ ಬಳಸಿದರೂ ಸರಿ; ‘ದೋಣಿಯಾದರೂ ಅದು ಕಾಗದವೇ, ಬೂದಿಯಾದರೆ ಕಾಗದವಲ್ಲ’ ಎಂಬುದನ್ನು ಮಕ್ಕಳ ಬಾಯಲ್ಲೇ ಹೇಳಿಸಿದ ಮೇಲೆ ಮುಂದೆ ಹೋಗಬೇಕು.

ಇದಕ್ಕೆ ಕರ್ಪೂರದಷ್ಟು ಒಳ್ಳೆಯ ಬೋಧನೋಪಕರಣ ಇನ್ನೊಂದಿಲ್ಲ. ಒಂದು ತುಂಡನ್ನು ತೆರೆದ ತಟ್ಟೆಯಲ್ಲಿಟ್ಟರೆ ದಿನಗಳೆದಂತೆ ಕರಗಿ ಕಾಣೆಯಾಗುತ್ತದೆ. ಇನ್ನೊಂದನ್ನು ಶಿಕ್ಷಕರೇ ಹಚ್ಚಿದರೆ ನಿಮಿಷದಲ್ಲಿ ಕಾಣೆಯಾಗುತ್ತದೆ. ಎರಡೂ ‘ಹೋಯಿತು’ ಎಂದೇ ಮಕ್ಕಳು ಹೇಳುತ್ತಾರೆ. ಒಂದೇ ಬಗೆಯಲ್ಲಿ ಹೋಯಿತೇ? ಮೊದಲನೆಯದು ಆವಿಯಾಗಿದೆ, ಕೋಣೆಯಲ್ಲಿ ಕರ್ಪೂರದ ವಾಸನೆಯಿದೆ. ಮುಚ್ಚಿಟ್ಟ ಡಬ್ಬಿಯ ಒಳಗೋಡೆಯಲ್ಲಿ ಕರ್ಪೂರದ ಹರಳುಗಳೇ ಮತ್ತೆ ಕಟ್ಟುತ್ತವೆ. ಎರಡನೆಯದರ ಜ್ವಾಲೆಯ ಮೇಲೆ ತಟ್ಟೆ ಹಿಡಿದರೆ ಸಿಗುವುದು ಕರಿ ಮಸಿ, ಕರ್ಪೂರವಲ್ಲ. ಪಟ್ಟಿಯಲ್ಲಿ ‘ಕರ್ಪೂರ’ ಎಂದಷ್ಟೇ ಬರೆಯಲು ಇನ್ನು ಯಾವ ಮಗುವೂ ಒಪ್ಪುವುದಿಲ್ಲ.

‘ಹೋದದ್ದು ಎಲ್ಲಿಗೆ ಹೋಯಿತು’ ಎಂಬುದಕ್ಕೆ ತೂಕವೇ ಉತ್ತರ. ಎರಡು ಲೀಟರಿನ ತಂಪುಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಎರಡು ಮೂರು ನಿಂಬೆಹಣ್ಣಿನ ರಸ ಹಾಕಿ. ಒಂದು ಸಣ್ಣ ಚಮಚದಷ್ಟು, ಸುಮಾರು 4 ಗ್ರಾಂ, ಅಡುಗೆ ಸೋಡಾವನ್ನು ಕಾಗದದಲ್ಲಿ ಸುತ್ತಿಟ್ಟುಕೊಳ್ಳಿ. ಬಾಟಲಿ, ಮುಚ್ಚಳ, ಪೊಟ್ಟಣ ಎಲ್ಲವನ್ನೂ ಒಟ್ಟಿಗೆ ತೂಗಿ. ಪೊಟ್ಟಣವನ್ನು ಒಳಗೆ ಹಾಕಿ ತಕ್ಷಣ ಬಿಗಿಯಾಗಿ ಮುಚ್ಚಿ. ನೊರೆ ಏಳುತ್ತದೆ, ಬಾಟಲಿ ಗಟ್ಟಿಯಾಗುತ್ತದೆ, ತೂಕ ಬದಲಾಗುವುದಿಲ್ಲ. ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ‘ಬುಸ್’ ಎಂದ ಮೇಲೆ ತೂಗಿದರೆ ತೂಕ ಇಳಿದಿರುತ್ತದೆ. ಇಳಿಕೆ ಸಣ್ಣದು, ಆದ್ದರಿಂದ ಗ್ರಾಂನ ಹತ್ತನೇ ಭಾಗ ತೋರಿಸುವ ತಕ್ಕಡಿ ಬೇಕು. ಗಾಜಿನ ಬಾಟಲಿ ಬಳಸಲೇಬಾರದು, ಸೋಡಾದ ಪ್ರಮಾಣ ಹೆಚ್ಚಿಸಲೂಬಾರದು. ಸುಟ್ಟ ಸುಣ್ಣವನ್ನಂತೂ ಮಕ್ಕಳ ಕೈಗೆ ಕೊಡುವಂತಿಲ್ಲ. ಅದು ಕಣ್ಣಿಗೆ ಅಪಾಯಕಾರಿ. ಸುಣ್ಣದ ತಿಳಿನೀರಿಗೆ ಶಿಕ್ಷಕರು ಕೊಳವೆಯಿಂದ ಉಸಿರು ಊದಿ ತೋರಿಸಿದರೆ ಸಾಕು. ನೀರನ್ನು ಬಿಳಿಯಾಗಿಸುವ ಆ ಕಣಗಳೂ ಕ್ಯಾಲ್ಸಿಯಂ ಕಾರ್ಬೋನೇಟೇ. ಗೋಡೆಯ ಮೇಲೆ ದಿನಗಟ್ಟಲೆ ನಡೆಯುವುದು ಇಲ್ಲಿ ಅರೆನಿಮಿಷದಲ್ಲಿ ಕಾಣುತ್ತದೆ.

‘ಪರೀಕ್ಷೆಯಲ್ಲಿ ವ್ಯತ್ಯಾಸ ಪಟ್ಟಿ ಮಾಡಿ ಎಂದೇ ಕೇಳುತ್ತಾರಲ್ಲ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಪಟ್ಟಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಪಾಠದ ಕೊನೆಗೆ ಬರಲಿ, ಮಕ್ಕಳೇ ತುಂಬಲಿ, ಮತ್ತು ಅದರಲ್ಲಿ ಮೂರನೆಯ ಕಾಲಂ ಒಂದಿರಲಿ: ‘ಇನ್ನೂ ಪುರಾವೆ ಬೇಕು’. ಸುಣ್ಣದ ಪ್ರಶ್ನೆ ಅಂದು ಆ ಕಾಲಂನಲ್ಲಿ ಕೂರಬಹುದಿತ್ತು. ಮರುದಿನದ ಪಾಠ ಅಲ್ಲಿಂದಲೇ ಶುರುವಾಗಬಹುದಿತ್ತು.

ಪ್ರಶಿಕ್ಷಣಾರ್ಥಿಗಳಿಗೆ ಇಷ್ಟು ಹೇಳಿ ಸುಮ್ಮನಾದರೆ ಅನ್ಯಾಯ. ಅವರು ಪಟ್ಟಿಗೆ ಅಂಟಿಕೊಳ್ಳುವುದು ನಮ್ಮ ನಮೂನೆಗೆ ಹೆದರಿ. ಪೀಠಿಕೆ, ಕಪ್ಪುಹಲಗೆಯ ಸಾರಾಂಶ, ಸಮಯ ಪಾಲನೆ, ಇವೆಲ್ಲಕ್ಕೂ ನಾವು ಅಂಕ ಇಟ್ಟಿದ್ದೇವೆ. ಯೋಜನೆಯಲ್ಲಿಲ್ಲದ ಮಗುವಿನ ಪ್ರಶ್ನೆಯನ್ನು ಶಿಕ್ಷಕ ಹೇಗೆ ಎತ್ತಿಕೊಂಡ ಎಂಬುದಕ್ಕೆ ಒಂದು ಸಾಲಿನ ಜಾಗವೂ ಇಲ್ಲ. ಮುಂದಿನ ಬೋಧನಾಭ್ಯಾಸಕ್ಕೆ ಮೊದಲು ಆ ಸಾಲನ್ನು ಸೇರಿಸೋಣ ಎಂಬುದು ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ.

ಅಂದು ಕಡಿತ ಮಾಡಿದ ಅಂಕವನ್ನು ಈಗ ತಿದ್ದಲು ಬರುವುದಿಲ್ಲ. ಆ ಪ್ರಶಿಕ್ಷಣಾರ್ಥಿಗೆ ಕೊಡಬೇಕಿದ್ದ ಉತ್ತರವನ್ನಾದರೂ ಇಲ್ಲಿ ಕೊಡುತ್ತಿದ್ದೇನೆ: ಹುಡುಗನಿಗೆ ನೀವು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ನೀವು ಕೇಳಿದ ಪ್ರಶ್ನೆಗಳೇ ಸರಿಯಾಗಿದ್ದವು.