ಹುಕ್ಕು ಹಾಕುವ ಮುನ್ನವೇ ಅಳತೆ ಗೊತ್ತಾಗಲಿ

2022ರ ಸೆಪ್ಟೆಂಬರ್‌ನಲ್ಲಿ ಎರಡು ಭಾರಿ ಟ್ರೇಲರ್ ಲಾರಿಗಳು ಕೇರಳದ ಅಡಿವಾರಂ ಎಂಬ ಊರಿಗೆ ಬಂದು ನಿಂತುಬಿಟ್ಟವು. ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಸೇರಬೇಕಿದ್ದ ದೊಡ್ಡ ಯಂತ್ರಗಳನ್ನು ಅವು ಹೊತ್ತಿದ್ದವು. ಎದುರಿಗೆ ತಾಮರಶ್ಶೇರಿ ಘಾಟಿ, ಅದರಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಹತ್ತಿಸಿದರೆ ರಸ್ತೆಯೇ ಕಟ್ಟಿಹೋದೀತೆಂದು ಅಧಿಕಾರಿಗಳು ಒಪ್ಪಲಿಲ್ಲ. ದಸರಾ ಮುಗಿಯಿತು, ದೀಪಾವಳಿಯೂ ಮುಗಿಯಿತು. ಚಾಲಕರು, ಸಹಾಯಕರು ರಸ್ತೆ ಬದಿಯಲ್ಲೇ ದಿನ ತಳ್ಳಿದರು. ಕೊನೆಗೆ ಡಿಸೆಂಬರ್‌ನ ಒಂದು ರಾತ್ರಿ ಬೇರೆಲ್ಲ ವಾಹನಗಳನ್ನು ತಡೆದು, ಆ ಎರಡನ್ನೂ ಘಾಟಿ ಹತ್ತಿಸಿ ವಯನಾಡಿನ ಕಡೆಗೆ ಬಿಟ್ಟರು. ಮೂರು ತಿಂಗಳಿಗೂ ಹೆಚ್ಚು ಕಾಲ ಸರಕು ಬೆಟ್ಟದ ಬುಡದಲ್ಲಿ ಬಿದ್ದಿತ್ತು.

ಆ ಘಾಟಿಯ ತಿರುವುಗಳು ಹೊಸದಾಗಿ ಹುಟ್ಟಿದವಲ್ಲ. ಲಾರಿಗಳ ಉದ್ದವೂ ದಾರಿಯಲ್ಲಿ ಬೆಳೆದದ್ದಲ್ಲ. ಎರಡೂ ಅಳತೆಗಳು ಹೊರಡುವ ದಿನವೇ ಸಿಗುವಂತಿದ್ದವು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವ ಏರ್ಪಾಡು ಮಾತ್ರ ಇರಲಿಲ್ಲ.

ದೇವನೂರಿನ ಓದುಗರಿಗೆ ಇದು ಎಲ್ಲಿಯದೋ ಕಥೆ ಎನಿಸಬಹುದು. ಜೈಮಿನಿ ಭಾರತದ ಲಕ್ಷ್ಮೀಶನ ಊರೆಂದು ನಾಡಿಗೆಲ್ಲ ಪರಿಚಿತವಾದ, ಲಕ್ಷ್ಮೀಕಾಂತ ಸ್ವಾಮಿಯ ಗುಡಿ ಇರುವ ಈ ಊರಲ್ಲಿ ಹದಿನೆಂಟು ಚಕ್ರದ ಲಾರಿಗಳ ಮಾತು ಯಾರಿಗೆ ಬೇಕು? ಆದರೆ ಹಿಂದೆ ಒಂದು ಗಾಡಿ ಕಟ್ಟಿಕೊಂಡು ಎಳೆಯುವ ವಾಹನ ಇಲ್ಲದ ಬೀದಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಇಲ್ಲ. ತೆಂಗಿನಕಾಯಿ, ಅಡಿಕೆ, ರಾಗಿ, ಅಜ್ಜಂಪುರದ ಕಡೆಯ ಈರುಳ್ಳಿ, ಮನೆ ಕಟ್ಟುವ ಜಲ್ಲಿ, ತೋಟಕ್ಕೆ ಹೊಡೆಯುವ ಗೊಬ್ಬರ, ಎಲ್ಲವೂ ಟ್ರ್ಯಾಕ್ಟರ್‌ನ ಹಿಂದಿನ ಟ್ರೇಲರ್‌ನಲ್ಲೇ ಸಾಗುವುದು. ಹಬ್ಬ ಬಂತೆಂದರೆ ಅದೇ ಟ್ರೇಲರ್‌ಗೆ ಹುಲ್ಲು ಹಾಸಿ, ಜಮಖಾನ ಹಾಸಿ, ಮಕ್ಕಳು ಮರಿ ಸಮೇತ ಹೊರಡುವುದೂ ಇದೆ. ಅಮೆರಿಕದಲ್ಲಿ ವಿಹಾರದ ಟ್ರೇಲರ್ ಎಂದರೆ ಒಳಗೆ ಹಾಸಿಗೆ, ಅಡುಗೆಮನೆ ಇರುವ ಗಾಡಿ. ಇಲ್ಲಿ ಆ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದದ್ದು ಜಾತ್ರೆಯ ಬಂಡಿ, ಈಗೀಗ ಟ್ರ್ಯಾಕ್ಟರ್.

ಎಳೆಯುವ ವಿದ್ಯೆ ಈ ಸೀಮೆಗೆ ಹಳೆಯದು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂಬ ಹೆಸರು ಪಡೆದವು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ತೋಪುಗಾಡಿಗಳನ್ನು ವೇಗವಾಗಿ ಎಳೆದದ್ದು ಆ ಎತ್ತುಗಳೇ. 1799ರ ಬಳಿಕ ಬ್ರಿಟಿಷರೂ ಅವನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. ಆ ತಳಿಯನ್ನು ಇಂದಿಗೂ ಕಾಪಾಡುತ್ತಿರುವ ಕೇಂದ್ರ ಅಜ್ಜಂಪುರದಲ್ಲಿದೆ. ಎತ್ತಿನ ಕಾಲದಲ್ಲಿ ಭಾರ ಎಷ್ಟು, ಬಂಡಿಯ ಮೂಕಿ ಎಷ್ಟುದ್ದ ಎಂಬುದನ್ನು ಹೂಡುವ ಮೊದಲೇ ನೋಡುತ್ತಿದ್ದರು. ಎಂಜಿನ್ ಬಂದ ಮೇಲೆ ಆ ಎಚ್ಚರ ಸಡಿಲಾಗಿದೆ.

ಕಾನೂನು ಏನು ಹೇಳುತ್ತದೆ? ವಾಹನದ ಅಗಲ, ಎತ್ತರ, ಉದ್ದ, ಹಿಂಚಾಚುಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 110ನೇ ಕಲಂ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಅಳತೆಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದಲ್ಲಿವೆ. ಅಗಲ 2.6 ಮೀಟರ್ ದಾಟುವಂತಿಲ್ಲ. ಹಿಂದಿನ ಅಚ್ಚಿನಿಂದಾಚೆಗೆ ಚಾಚುವ ಭಾಗ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರದ ಶೇ 60ನ್ನು ಮೀರುವಂತಿಲ್ಲ. ಎಳೆಯುವ ವಾಹನ ಮತ್ತು ಟ್ರೇಲರ್ ಸೇರಿ 18 ಮೀಟರ್ ಎಂಬುದು ಬಹುಕಾಲ ಮಿತಿಯಾಗಿತ್ತು. ರಸ್ತೆ ಕಟ್ಟುವವರಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ 1983ರಲ್ಲಿ ಹೊರತಂದ ಮಾನದಂಡದಲ್ಲೂ ಅದೇ ಅಳತೆ ಇತ್ತು. 2020ರ ಜೂನ್‌ನಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ, ಆಯ್ದ ಮಾರ್ಗಗಳಲ್ಲಿ ಮಾತ್ರ 25.25 ಮೀಟರ್ ಉದ್ದದ ಜೋಡಣೆಗೂ ದಾರಿಯಾಯಿತು.

ಹೀಗಾಗಿ ಬೇಲೇಕೇರಿಯಿಂದ ಬಿಹಾರದವರೆಗೆ ಅಳತೆಪಟ್ಟಿ ಒಂದೇ. ಗಡಿ ದಾಟಿದ ಕೂಡಲೇ ಉದ್ದದ ಲೆಕ್ಕ ಬದಲಾಗುವ ತಲೆನೋವು ಇಲ್ಲಿಲ್ಲ, ಇದು ನಿಜವಾಗಿಯೂ ದೊಡ್ಡ ಅನುಕೂಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡದ ಕುಟುಂಬವೊಂದು ಬೇಸಿಗೆ ರಜೆಗೆ ಟ್ರೇಲರ್ ಕಟ್ಟಿಕೊಂಡು ಹೊರಟರೆ, ಆ ರಾಜ್ಯದಲ್ಲಿ ಟ್ರೇಲರ್ 40 ಅಡಿ, ಎಳೆಯುವ ವಾಹನವೂ ಸೇರಿ 65 ಅಡಿ ಮೀರುವಂತಿಲ್ಲ. ನೆರೆಯ ರಾಜ್ಯಕ್ಕೆ ಕಾಲಿಟ್ಟರೆ ಅಲ್ಲಿನ ಪಟ್ಟಿಯನ್ನು ಬೇರೆಯಾಗಿ ನೋಡಬೇಕು. ಬ್ರಿಟನ್ನಿನಲ್ಲಿ 3,500 ಕಿಲೋ ಒಳಗಿನ ವಾಹನ ಎಳೆಯುವ ಟ್ರೇಲರ್‌ಗೆ 7 ಮೀಟರ್ ಮಿತಿ.

ಆ ದೇಶಗಳಲ್ಲಿ ನಿಯಮಗಳು ಹೆಚ್ಚು, ಆದರೆ ಮಾಹಿತಿ ಮೊದಲೇ ಸಿಗುತ್ತದೆ. ಅಮೆರಿಕದ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಗೋಯಿಂಗ್-ಟು-ದ-ಸನ್ ಎಂಬ ಬೆಟ್ಟದ ರಸ್ತೆ ಇದೆ. ಅದರ ಕಡಿದಾದ ಭಾಗಕ್ಕೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಟ್ರೇಲರ್ ಎಳೆದರೆ ಎರಡನ್ನೂ ಕೂಡಿಸಿ, ಬಂಪರ್ ಸಮೇತ ಅಳೆಯುತ್ತಾರೆ. ಪ್ರವಾಸಿ ಮನೆಯಲ್ಲಿ ಕುಳಿತೇ ಅದನ್ನು ಓದಿಕೊಳ್ಳಬಹುದು, ಟ್ರೇಲರನ್ನು ಎಲ್ಲಿ ಬಿಟ್ಟು ಹೋಗಬೇಕೆಂದೂ ತಿಳಿಯಬಹುದು.

ಇಲ್ಲಿ ಅದರ ತಿರುವುಮುರುವು. ಕಾಯ್ದೆಯ 115ನೇ ಕಲಂ ಯಾವುದೇ ರಸ್ತೆಯಲ್ಲಿ ಒಂದು ಬಗೆಯ ವಾಹನಗಳನ್ನೋ ಟ್ರೇಲರ್ ಬಳಕೆಯನ್ನೋ ತಡೆಯುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗಳು ಅದನ್ನು ರಾಜ್ಯದ 1989ರ ನಿಯಮಗಳ ಜತೆ ಸೇರಿಸಿ ಆದೇಶ ಹೊರಡಿಸುತ್ತಾರೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದ ಮೇಲೆ ಅಲ್ಲಿ ಭಾರಿ ವಾಹನಗಳಿಗೆ ತಡೆ ಬಿತ್ತು. ಹದಿನಾಲ್ಕು ತಿರುವಿನ ಆಗುಂಬೆಗೂ ಇಂಥ ಆದೇಶಗಳು ಹೊಸದಲ್ಲ. ಚಾಮರಾಜನಗರದಿಂದ ತಮಿಳುನಾಡಿನ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಅಲ್ಲಿನ ರಾತ್ರಿ ಸಂಚಾರದ ಮೇಲೆ 2022ರಲ್ಲಿ ಮದ್ರಾಸ್ ಹೈಕೋರ್ಟ್ ಕಟ್ಟುನಿಟ್ಟು ಮಾಡಿತು. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಈ ಒಂದೊಂದು ಆದೇಶಕ್ಕೂ ತಕ್ಕ ಕಾರಣವಿದೆ. ಆದರೆ ಅವು ಒಂದೆಡೆ ಸಿಗುವುದಿಲ್ಲ. ಒಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಇನ್ನೊಂದು ನ್ಯಾಯಾಲಯದ ಕಡತದಲ್ಲಿ, ಮತ್ತೊಂದು ಕಳೆದ ಮಳೆಗಾಲದ ಪತ್ರಿಕೆಯಲ್ಲಿ. ಕಡೂರಿನಿಂದ ಧರ್ಮಸ್ಥಳಕ್ಕೆ ಹೊರಟವರು ಚಾರ್ಮಾಡಿ ದಾರಿಯ ಕೊಟ್ಟಿಗೆಹಾರದ ಚೆಕ್‌ಪೋಸ್ಟ್‌ನಲ್ಲಿ ವಿಷಯ ತಿಳಿದು ಹಿಂದಿರುಗುವುದೆಂದರೆ ಡೀಸೆಲ್ಲೂ ದಂಡ, ದಿನವೂ ದಂಡ.

ಉದ್ದ ಯಾಕೆ ಇಷ್ಟು ಮುಖ್ಯ ಎಂಬುದು ತಿರುವಿನಲ್ಲೇ ಕಾಣುವುದು. ಮುಂದಿನ ಚಕ್ರ ಹೋದ ದಾರಿಯಲ್ಲೇ ಟ್ರೇಲರ್‌ನ ಚಕ್ರ ಬರುವುದಿಲ್ಲ. ಅದು ತಿರುವಿನ ಒಳಮಗ್ಗುಲಿಗೆ ಸರಿಯುತ್ತದೆ. ಟ್ರೇಲರ್ ಉದ್ದವಾದಷ್ಟೂ, ತಿರುವು ಬಿಗಿಯಾದಷ್ಟೂ ಈ ಸರಿಯುವಿಕೆ ಹೆಚ್ಚು. ಚಾಲಕನ ಕಣ್ಣಳತೆಗೆ ದಾರಿ ಸಾಕೆನಿಸುತ್ತದೆ, ಹಿಂದಿನ ಚಕ್ರ ಚರಂಡಿಗೋ ನಿಂತವರ ಕಾಲಿಗೋ ಹತ್ತಿರ ಹೋಗಿರುತ್ತದೆ. ಅತ್ತ ಅಚ್ಚಿನಿಂದಾಚೆ ಹಿಂದಕ್ಕೆ ಚಾಚಿದ ಹೊರೆ ತಿರುವಿನ ಹೊರಮಗ್ಗುಲಿಗೆ ಬೀಸುತ್ತದೆ. ಶೇ 60ರ ಮಿತಿ ಪಾಲಿಸಿದರೆ ಈ ಬೀಸು ಹಿಡಿತದಲ್ಲಿರುತ್ತದೆ.

ಈಗ ಊರಿನ ಲೆಕ್ಕ. ಸಾಮಾನ್ಯ ಟ್ರ್ಯಾಕ್ಟರ್ ಮೂರೂವರೆ ಮೀಟರ್ ಆಸುಪಾಸು. ಟ್ರೇಲರ್ ನಾಲ್ಕು ಮೀಟರ್ ಸುಮಾರು, ಜತೆಗೆ ಮುಂದಿನ ಮೂಕಿ. ಎರಡು ಟ್ರೇಲರ್ ಸಿಕ್ಕಿಸಿದರೂ 18 ಮೀಟರ್ ಒಳಗೇ ಇರುತ್ತದೆ. ಹಾಗಾದರೆ ತಪ್ಪೆಲ್ಲಿ? ಹೊರೆಯಲ್ಲಿ, ಮತ್ತು ಕಾಣದ ಬಾಲದಲ್ಲಿ. ಕಬ್ಬಿನ ಹಂಗಾಮಿನಲ್ಲಿ ಅಥಣಿ, ಚಿಕ್ಕೋಡಿ, ರಾಯಬಾಗದ ರಸ್ತೆಗಳಲ್ಲಿ ಸಂಜೆ ಹೊತ್ತು ಹೋದವರಿಗೆ ಇದು ಗೊತ್ತು. ಜೋಡಿ ಟ್ರೇಲರ್‌ನ ಬದಿಗೂ ಹಿಂದಕ್ಕೂ ಚಾಚಿದ ಜಲ್ಲೆಗಳ ನಡುವೆ ದೀಪವಿದ್ದರೂ ಮುಚ್ಚಿಹೋಗಿರುತ್ತದೆ. ಹಿಂದಿನಿಂದ ಬರುವ ಬೈಕ್ ಸವಾರನಿಗೆ ಮುಂದೆ ಒಂದು ಟ್ರೇಲರ್ ಇದೆಯೋ ಎರಡೋ ತಿಳಿಯುವುದು ಅದರ ಪಕ್ಕಕ್ಕೆ ಬಂದ ಮೇಲೆ. ದಾಟಲು ಬೇಕಾದ ದೂರದ ಅಂದಾಜು ತಪ್ಪುವುದು ಅಲ್ಲೇ.

ಹೊರಚಾಚಿದ ಸರಳುಗಳನ್ನು ಸಾಗಿಸುವುದಕ್ಕೆ ಕೇಂದ್ರ 2014ರಲ್ಲಿ ನಿಷೇಧ ಹಾಕಿತು. 2019ರ ತಿದ್ದುಪಡಿಯಂತೆ ಕಾಯ್ದೆಯ 194(1ಎ) ಕಲಂ ಬದಿಗೆ, ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ ಮಿತಿ ಮೀರಿದ ಹೊರೆಗೆ 20,000 ರೂಪಾಯಿ ದಂಡ ಮತ್ತು ಹೊರೆ ಇಳಿಸುವ ವೆಚ್ಚ ವಿಧಿಸುತ್ತದೆ. 61ನೇ ಕಲಂ ಇನ್ನೂ ಸರಳವಾದದ್ದನ್ನು ಕೇಳುತ್ತದೆ: ಟ್ರೇಲರ್‌ಗೂ ನೋಂದಣಿ ಬೇಕು, ಅದರ ಸಂಖ್ಯೆ ಬದಿಯಲ್ಲಿ ಕಾಣಬೇಕು, ಎಳೆಯುವ ವಾಹನದ ಸಂಖ್ಯೆ ಕೊನೆಯ ಟ್ರೇಲರ್‌ನ ಮೇಲಿರಬೇಕು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಯಾವುದೇ ಸಂತೆಬೀದಿಯಲ್ಲಿ ನಿಂತು ನೋಡಿದರೆ ಎಷ್ಟು ಟ್ರೇಲರ್‌ಗಳ ಬೆನ್ನ ಮೇಲೆ ಸಂಖ್ಯೆ ಇದೆ ಎಂಬುದಕ್ಕೆ ಉತ್ತರ ಸಿಕ್ಕುತ್ತದೆ. ರೈತನ ಹೆಸರು, ದೇವರ ಹೆಸರು, ಮಕ್ಕಳ ಹೆಸರು ಎಲ್ಲ ಬಣ್ಣಬಣ್ಣದಲ್ಲಿರುತ್ತವೆ.

ಜಾತ್ರೆಯ ಪಯಣದ ಬಗ್ಗೆ ಮಾತಾಡದೆ ಈ ವಿಷಯ ಮುಗಿಯುವುದಿಲ್ಲ. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಪಾನಕದ ಬಂಡಿಗಳು ಸಾಲುಸಾಲಾಗಿ ಬರುವ ಸಂಭ್ರಮ ನೋಡಿದವರು ಮರೆಯುವುದಿಲ್ಲ. ದಸರೆಗೆ ಬೀರೂರಿನ ಮೈಲಾರಲಿಂಗನ ಕಾರಣಿಕ ಕೇಳಲು ಜನ ಸೇರುತ್ತಾರೆ. ಬೆಳಗಾವಿ ಜಿಲ್ಲೆಯ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಗಡಿ ದಾಟಿ ಗಾಡಿಗಳು ಬರುತ್ತವೆ. ಈ ಒಗ್ಗಟ್ಟಿನ ಪಯಣ ಯಾವ ಪ್ರವಾಸೋದ್ಯಮ ನೀತಿಯೂ ಕೊಡಲಾರದ ಸಂಪತ್ತು. ಅದನ್ನು ಉಳಿಸಿಕೊಳ್ಳಬೇಕೆಂಬ ಕಾಳಜಿಯಿಂದಲೇ ಹೇಳಬೇಕಾದ ಮಾತೊಂದಿದೆ: ಟ್ರೇಲರ್ ಸರಕಿನ ಗಾಡಿ. ಸರಕಿನ ವಾಹನದಲ್ಲಿ ಪುಕ್ಕಟೆ ಪ್ರಯಾಣ ಮಾಡುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿತು. ಟ್ರ್ಯಾಕ್ಟರ್-ಟ್ರೇಲರ್ ವಿಷಯದಲ್ಲೂ 2007ರಲ್ಲಿ ಅದೇ ನಿಲುವು ತಳೆಯಿತು. ಮಗುಚಿದ ಟ್ರೇಲರ್‌ನಲ್ಲಿ ದುಡಿಯುವ ಕೈ ಹೋದ ಮನೆಗೆ ಪರಿಹಾರದ ಬಾಗಿಲು ಮುಚ್ಚುವುದು ಹೀಗೆ. ಮಾಲೀಕ ಹೆಚ್ಚಾಗಿ ಅದೇ ಊರಿನ ನೆಂಟನೋ ನೆರೆಯವನೋ ಆಗಿರುತ್ತಾನೆ. ಅವನ ಜಮೀನೂ ಕೇಸಿಗೆ ಸಿಕ್ಕಿಬೀಳುತ್ತದೆ. ಈ ಸಂಗತಿ ಅಪಘಾತದ ನಂತರ ವಕೀಲರ ಬಾಯಿಂದ ತಿಳಿದು ಏನು ಫಲ?

ರೈತರನ್ನು ಬೇಟೆಯಾಡಲು ಪೊಲೀಸರಿಗೆ ಹೊಸ ನೆಪ ಕೊಡಬೇಡಿ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ತಥ್ಯವಿದೆ. ಬೆಲೆ ಕುಸಿದ ವರ್ಷ ಈರುಳ್ಳಿ ತುಂಬಿದ ಟ್ರೇಲರನ್ನು ತಡೆದು ಇಪ್ಪತ್ತು ಸಾವಿರ ಕೇಳಿದರೆ ಅದು ಇಡೀ ಹೊರೆಯ ಬೆಲೆಯನ್ನೇ ನುಂಗೀತು. ಕಾನೂನು ಟ್ರ್ಯಾಕ್ಟರ್ ಓಡಿಸುವವರ ಮೇಲೆ ಎಲ್ಲ ಕಡೆಯೂ ಹಗೆ ಸಾಧಿಸಿಲ್ಲ ಎಂಬುದನ್ನೂ ಹೇಳಬೇಕು. ಕಲ್ಲು ತುಂಬಿದ ಟ್ರೇಲರ್‌ಗೆ ಸಂಬಂಧಿಸಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, ಟ್ರ್ಯಾಕ್ಟರ್ ಓಡಿಸಲು ಲೈಸೆನ್ಸ್ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪಿತ್ತಿತು. ಅಂಥ ಕಾನೂನನ್ನು ಜನರ ಬಳಿಗೆ ಒಯ್ಯಬೇಕಾದದ್ದು ದಂಡದ ಪುಸ್ತಕಕ್ಕಿಂತ ಮೊದಲು ಬಣ್ಣದ ಡಬ್ಬಿ, ಪ್ರತಿಫಲಕ ಪಟ್ಟಿಗಳ ಜತೆ. ತರೀಕೆರೆಯಲ್ಲಿ ಕೆಎ-66 ಸಂಖ್ಯೆ ಕೊಡುವ ಆರ್‌ಟಿಒ ಕಚೇರಿ ಇದೆ, ಚಿಕ್ಕಮಗಳೂರಿನಲ್ಲಿ ಕೆಎ-18ರ ಕಚೇರಿ ಇದೆ. ಹೋಬಳಿಗೊಂದು ದಿನದಂತೆ ಎಪಿಎಂಸಿ ಅಂಗಳಕ್ಕೆ ಬಂದು ಟ್ರೇಲರ್‌ಗಳ ನೋಂದಣಿ ಮಾಡಿಕೊಡಲಿ. ಬಾಕಿ ಉಳಿದವರಿಗೆ ಒಂದು ಹಂಗಾಮಿನ ಕಾಲಾವಕಾಶ ಕೊಡಲಿ. ಹಿಂಬದಿಯಲ್ಲಿ ಸಂಖ್ಯೆಯ ಪಕ್ಕ ಜೋಡಣೆಯ ಒಟ್ಟು ಉದ್ದವನ್ನೂ ದಪ್ಪ ಅಂಕಿಯಲ್ಲಿ ಬರೆಸಲಿ. ಹಿಂದಿನಿಂದ ಬರುವವನಿಗೆ ಬೇಕಾದ ಮಾಹಿತಿ ಅದು.

ಮನೆಯಂಥ ಗಾಡಿಗಳಲ್ಲಿ ಸುತ್ತುವ ಆಸೆ ಇಲ್ಲೂ ಬೆಳೆಯುತ್ತಿದೆ. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿತು, 2021ರಲ್ಲಿ ಕೇರಳವೂ ತನ್ನದೇ ಯೋಜನೆ ತಂದಿತು. ಕಾರಿಗೆ ತಾನೇ ಹುಕ್ಕು ಬೆಸೆಸಿಕೊಂಡು ಗಾಡಿ ಎಳೆಯಲು ಹೊರಡುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಬೇಕು. ತಯಾರಕರು ಕೊಟ್ಟ ವಿನ್ಯಾಸವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮತ್ತೆ ಒತ್ತಿಹೇಳಿದೆ. ಎರಡು ಸರ್ಕಾರಗಳು ಪ್ರವಾಸಿಗರನ್ನು ಕರೆಯುತ್ತಿರುವಾಗ, ತಮ್ಮ ನಡುವಿನ ಯಾವ ಘಾಟಿ ಎಷ್ಟುದ್ದದ ವಾಹನವನ್ನು ತಾಳುತ್ತದೆ ಎಂಬ ಒಂದು ಪಟ್ಟಿಯನ್ನು ಕೂಡಿ ಹೊರಡಿಸುವುದು ಕಷ್ಟದ ಕೆಲಸವಲ್ಲ.

ಚಿಕ್ಕಮಗಳೂರು ಜಿಲ್ಲಾಡಳಿತ ಆ ಪಟ್ಟಿಗಾಗಿ ಕಾಯಬೇಕಿಲ್ಲ. ತುಮಕೂರು-ಹೊನ್ನಾವರ ಹೆದ್ದಾರಿಯೂ ಚಿಕ್ಕಮಗಳೂರಿನ ಕಡೆಯ ಹೆದ್ದಾರಿಯೂ ಕೂಡುವುದು ಕಡೂರಿನಲ್ಲಿ. ಕರಾವಳಿಗೆ ಹೊರಟ ವಾಹನ ದಾರಿ ಆರಿಸಿಕೊಳ್ಳುವುದು ಅಲ್ಲೇ. ಆ ಕೂಡುದಾರಿಯಲ್ಲಿ ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಗಳಲ್ಲಿ ಇಂದು ಯಾವ ವಾಹನಕ್ಕೆ, ಎಷ್ಟು ಉದ್ದದವರೆಗೆ, ಯಾವ ಹೊತ್ತಿನಲ್ಲಿ ಅನುಮತಿ ಎಂದು ಕನ್ನಡದಲ್ಲಿ ಬರೆದ, ಆದೇಶ ಬದಲಾದ ದಿನವೇ ಬದಲಾಗುವ ಒಂದು ಫಲಕ ನಿಲ್ಲಿಸಲಿ. ಮುಂದಿನ ಅಂತರಘಟ್ಟೆ ಜಾತ್ರೆಯ ಪೂರ್ವಸಿದ್ಧತಾ ಸಭೆಯಲ್ಲಿ ಕುಡಿಯುವ ನೀರು, ಬಂದೋಬಸ್ತಿನ ಜತೆಗೆ ಹಳ್ಳಿಗಳಿಂದ ಕೆಎಸ್‌ಆರ್‌ಟಿಸಿಯ ವಿಶೇಷ ಬಸ್ಸುಗಳ ವಿಷಯವೂ ಕಾರ್ಯಸೂಚಿಗೆ ಬರಲಿ. ಬಸ್ಸು ಹೊರಡುವ ಹೊತ್ತನ್ನು ಗ್ರಾಮ ಪಂಚಾಯಿತಿಗಳು ವಾರ ಮೊದಲೇ ಡಂಗುರ ಸಾರಲಿ.