ಅಂಗಿ ಯಾವ ಹೊಳೆಯಲ್ಲಿ ಅದ್ದಿ ಬಂತು?

ಒಂದು ಮರದ ಚೌಕಟ್ಟು, ಅದಕ್ಕೆ ಬಿಗಿದ ಜಾಲರಿ, ಬಣ್ಣ ಎಳೆಯಲು ರಬ್ಬರ್ ಪಟ್ಟಿ, ಕೆಲವು ಡಬ್ಬಿ ಬಣ್ಣ, ಮಳೆಗೆ ಸೋರದ ಒಂದು ಕೋಣೆ. ಅಂಗಿಗಳ ಮೇಲೆ ಅಚ್ಚು ಹಾಕುವ ಸಣ್ಣ ಉದ್ಯೋಗವನ್ನು ಆರಂಭಿಸಲು ಇಷ್ಟು ಸಾಕು. ಶಾಲೆಯ ಕ್ರೀಡಾಕೂಟ, ಯುವಕ ಮಂಡಲದ ವಾರ್ಷಿಕೋತ್ಸವ, ಊರ ಜಾತ್ರೆ, ಚಾರಣಿಗರ ತಂಡ, ಹೊಳೆ ಉಳಿಸುವ ಜಾಥಾ ಹೀಗೆ ಗಿರಾಕಿಗಳೂ ಸುತ್ತಮುತ್ತಲೇ ಇರುತ್ತಾರೆ. ಓದು ಮುಗಿಸಿ ಊರಿನಲ್ಲಿಯೇ ನೆಲೆ ನಿಲ್ಲಬಯಸುವ ತರುಣ ತರುಣಿಯರಿಗೂ ಸ್ವಸಹಾಯ ಸಂಘದ ಮಹಿಳೆಯರಿಗೂ ಇದು ಯೋಗ್ಯವಾದ ದುಡಿಮೆ. ಆದರೆ ಕೆಲಸ ಆರಂಭಿಸಿದವರಿಗೆ ಮೊದಲು ಎದುರಾಗುವುದು ಅಚ್ಚಿನ ಚಿಂತೆಯಲ್ಲ, ಅಂಗಿಯ ಚಿಂತೆ. ಏನೂ ಅಚ್ಚಾಗದ ಖಾಲಿ ಟೀ ಶರ್ಟುಗಳನ್ನು ಸಗಟು ದರದಲ್ಲಿ ಎಲ್ಲಿಂದ ತರುವುದು?

ಪೇಟೆಯ ಉತ್ತರ ಸರಳವಾಗಿದೆ. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ ವಿಚಾರಿಸಿದರೂ ದೂರದ ವ್ಯಾಪಾರಿಗೆ ಫೋನ್ ಮಾಡಿದರೂ ಮಾತು ಬಹುಪಾಲು ಒಂದೇ ಊರಿನ ಹೆಸರಿಗೆ ಬಂದು ನಿಲ್ಲುತ್ತದೆ. ಅದು ತಮಿಳುನಾಡಿನ ತಿರುಪ್ಪೂರು. ದೇಶದ ಹೆಣೆದ ಹತ್ತಿ ಉಡುಪುಗಳ ಅತಿ ದೊಡ್ಡ ಕೇಂದ್ರವದು. ಹೆಣಿಗೆ, ಬಣ್ಣಗಾರಿಕೆ, ಕತ್ತರಿಕೆ, ಹೊಲಿಗೆ ಎಲ್ಲವೂ ಆ ಒಂದೇ ಊರಿನ ಸುತ್ತ ನಡೆಯುತ್ತವೆ. ದರವೂ ಕಡಿಮೆ. ಇಷ್ಟಕ್ಕೆ ಪ್ರಶ್ನೆ ಮುಗಿಯಿತೆಂದು ಎಣಿಸುವ ಮೊದಲು ತಿರುಪ್ಪೂರಿನ ಹೊಳೆಯ ಕಥೆಯನ್ನು ಮಲೆನಾಡಿನ ಜನ ತಿಳಿಯಬೇಕಾಗಿದೆ.

ಆ ಹೊಳೆಯ ಹೆಸರು ನೊಯ್ಯಲ್. ಅದೂ ಪಶ್ಚಿಮ ಘಟ್ಟದ ಮಗಳೇ. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ತಿರುಪ್ಪೂರನ್ನು ಹಾದು, ಕೊಡಗಿನಿಂದ ಇಳಿದು ಬಂದ ಕಾವೇರಿಯನ್ನು ಸೇರುತ್ತದೆ. ಹತ್ತಿ ಬಟ್ಟೆಗೆ ರಾಸಾಯನಿಕ ಬಣ್ಣ ಹಿಡಿಯಬೇಕಾದರೆ ನೀರಿಗೆ ಹೇರಳವಾಗಿ ಉಪ್ಪು ಬೆರೆಸಬೇಕು. ಬಣ್ಣದ ಒಂದು ಪಾಲು ಬಟ್ಟೆಗೆ ಹಿಡಿಯದೆ ನೀರಿನಲ್ಲಿಯೇ ಉಳಿಯುತ್ತದೆ. ಸಾಮಾನ್ಯ ಶುದ್ಧೀಕರಣದಿಂದ ಬಣ್ಣವನ್ನು ತಿಳಿಗೊಳಿಸಬಹುದೇ ಹೊರತು ಕರಗಿದ ಉಪ್ಪನ್ನು ತೆಗೆಯಲಾಗದು. ಆ ಉಪ್ಪುನೀರು ವರ್ಷಗಟ್ಟಲೆ ನೊಯ್ಯಲ್‌ಗೆ ಹರಿಯಿತು. ಕೃಷಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ತ್ಯಾಜ್ಯ ನಿಲ್ಲುವ ಗುಂಡಿಯಾಯಿತು. ಕೆಳಗಿನ ಊರುಗಳ ಬಾವಿಗಳು ಕೆಟ್ಟವು, ಹೊಲಗಳು ಸವುಳಾದವು.

ಅಚ್ಚುಕಟ್ಟು ಪ್ರದೇಶದ ರೈತರು ಸಂಘಟಿತರಾಗಿ ನ್ಯಾಯಾಲಯದ ಮೊರೆ ಹೊಕ್ಕರು. ತ್ಯಾಜ್ಯ ನೀರಿನ ಒಂದು ಹನಿಯೂ ಹೊರಹೋಗಬಾರದೆಂದು ಮದ್ರಾಸ್ ಹೈಕೋರ್ಟ್ 2006ರಲ್ಲಿ ವಿಧಿಸಿತು. ಆದೇಶ ಪಾಲನೆಯಾಗದಿದ್ದಾಗ 2011ರ ಜನವರಿಯಲ್ಲಿ ಏಳುನೂರಕ್ಕೂ ಹೆಚ್ಚು ಬಣ್ಣಗಾರಿಕೆ ಘಟಕಗಳನ್ನು ಮುಚ್ಚುವಂತೆ ಆಜ್ಞಾಪಿಸಿತು. ಸಾವಿರಾರು ಕಾರ್ಮಿಕರ ದುಡಿಮೆಗೂ ಪೆಟ್ಟು ಬಿತ್ತು. ನೀರನ್ನು ಸೋಸಿ, ಉಳಿದದ್ದನ್ನು ಕಾಯಿಸಿ ಆವಿ ಮಾಡಿ, ಉಪ್ಪನ್ನು ಬೇರ್ಪಡಿಸುವ ವ್ಯವಸ್ಥೆಯನ್ನು ಅಳವಡಿಸಿಕೊಂಡ ಘಟಕಗಳು ಬಳಿಕ ಮರಳಿ ಆರಂಭವಾದವು. ಈ ವ್ಯವಸ್ಥೆಗೆ ವಿದ್ಯುತ್ತು, ಇಂಧನ, ಹಣ ಎಲ್ಲವೂ ಧಾರಾಳವಾಗಿ ಬೇಕು. ಆದ್ದರಿಂದಲೇ ಸಗಟು ಪೇಟೆಯಲ್ಲಿ ಯಾವುದಾದರೂ ಬಣ್ಣದ ಅಂಗಿ ಉಳಿದವಕ್ಕಿಂತ ತೀರ ಅಗ್ಗವಾಗಿ ದೊರೆತರೆ ಕೊಳ್ಳುವವರು ಹಿಗ್ಗುವ ಬದಲು ಸಂದೇಹಪಡುವುದು ಒಳಿತು. ಅಂಗಡಿಯ ಬಿಲ್ಲಿನಲ್ಲಿ ಬಾರದ ವೆಚ್ಚವನ್ನು ಎಲ್ಲೋ ಒಬ್ಬ ರೈತ ತನ್ನ ಬಾವಿಯಿಂದ ತೆತ್ತಿರಬಹುದು. 'ಹೊಳೆ ಉಳಿಸಿ' ಎಂಬ ಘೋಷಣೆಯನ್ನು ಅಂಥ ಅಂಗಿಯ ಮೇಲೆ ಅಚ್ಚು ಹಾಕುವುದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿಲ್ಲ.

ಹಾಗೆಂದು ತಿರುಪ್ಪೂರಿನ ಅಂಗಿಯನ್ನು ಬಹಿಷ್ಕರಿಸಬೇಕೆಂದು ಅರ್ಥವಲ್ಲ. ನಿಯಮ ಪಾಲಿಸುವ ಘಟಕಗಳಿಗೆ ಬೇಡಿಕೆ ಹೆಚ್ಚಿದಾಗಲೇ ಆ ಹೊಳೆಗೂ ಉಳಿವುಂಟು. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ, ಬಟ್ಟೆಗೆ ಬಣ್ಣ ಹಾಕಿದವರು ಯಾರು ಎಂಬುದು. ಹೊಲಿದವರ ವಿಳಾಸ ಹೇಳಿ ಈ ಪ್ರಶ್ನೆಯನ್ನು ಜಾರಿಸುವ ವ್ಯಾಪಾರಿಗಿಂತ ಬಣ್ಣಗಾರಿಕೆ ಘಟಕವನ್ನು ಹೆಸರಿಸಬಲ್ಲವನು ಮೇಲು. ಸಾವಯವ ಅಂಗಿಯೆಂದು ಹೇಳಿದರೆ ಗಾಟ್ಸ್ ಪ್ರಮಾಣಪತ್ರವನ್ನು ಕೇಳಿ, ಅದರ ಹೆಸರು ಮತ್ತು ಅವಧಿಯನ್ನು ಆ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ತಾಳೆ ನೋಡಬೇಕು. ನೂಲಿನ ಗಿರಣಿಗೆ ದೊರೆತ ಪತ್ರ ಹೊಲಿದ ಅಂಗಿಗೆ ಅನ್ವಯಿಸದು. ಓಕೋ ಟೆಕ್ಸ್ 100 ಎಂಬ ಗುರುತು ಸಿದ್ಧ ಬಟ್ಟೆಯಲ್ಲಿ ಹಾನಿಕಾರಕ ವಸ್ತುಗಳ ಪರೀಕ್ಷೆಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ತೊಡುವವರ ಮೈಗೆ ಅದು ಭರವಸೆಯಾದರೂ ಹೊಳೆಯ ಬಗ್ಗೆ ಅದರಿಂದ ಏನೂ ತಿಳಿಯದು.

ಎರಡನೆಯದು ಬಣ್ಣದ ಆಯ್ಕೆ. ಗಾಢ ಕಪ್ಪು, ಗಾಢ ನೀಲಿಗೆ ಹೆಚ್ಚು ಬಣ್ಣವೂ ಹೆಚ್ಚು ಉಪ್ಪೂ ಬೇಕು. ಅದರ ಮೇಲೆ ಅಚ್ಚು ಕಾಣಬೇಕಾದರೆ ಅಡಿಯಲ್ಲಿ ಬಿಳಿಯ ಪದರವನ್ನೂ ಹಾಕಬೇಕಾಗುತ್ತದೆ. ಬಿಳುಪು ಮಾಡದ ಕೋರಾ ಬಟ್ಟೆಯ ಅಥವಾ ತಿಳಿ ಬಣ್ಣದ ಅಂಗಿಯನ್ನು ಆರಿಸಿದರೆ ಹೊಳೆಗೂ ಹಿತ, ಅಚ್ಚಿನ ಬಣ್ಣದಲ್ಲಿಯೂ ಉಳಿತಾಯ. ಪ್ರಮಾಣಪತ್ರದ ಅಂಗಿಯನ್ನು ಕೊಳ್ಳಲು ಶಕ್ತಿಯಿಲ್ಲದ ಸಣ್ಣ ಘಟಕವೂ ಇಷ್ಟನ್ನು ಪಾಲಿಸಬಹುದು.

ಮೂರನೆಯದು ಬಾಳಿಕೆ. ಎರಡು ಮೂರು ವ್ಯಾಪಾರಿಗಳಿಂದ ಒಂದೊಂದು ಮಾದರಿ ತರಿಸಿ ಪರೀಕ್ಷಿಸದೆ ಡಜನ್ ಲೆಕ್ಕದಲ್ಲಿ ಹಣ ಕಟ್ಟಬಾರದು. ಬಟ್ಟೆಯ ತೂಕವನ್ನು ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುವ ರೂಢಿಯಿದೆ. ಮಾದರಿ ಅಂಗಿಯಿಂದ ಹತ್ತು ಸೆಂಟಿಮೀಟರ್ ಉದ್ದಗಲದ ತುಂಡನ್ನು ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮನ್ನು ನೂರರಿಂದ ಗುಣಿಸಿದರೆ ವ್ಯಾಪಾರಿಯ ಮಾತು ನಿಜವೋ ಸುಳ್ಳೋ ತಿಳಿಯುತ್ತದೆ. 1.8 ಗ್ರಾಂ ತೂಗಿದರೆ ಅದು 180 ಜಿಎಸ್‌ಎಂ ಬಟ್ಟೆ. ನಿತ್ಯದ ಬಳಕೆಗೆ ಒಳ್ಳೆಯದು. ಆ ತುಂಡಿನ ಎಳೆಯೊಂದನ್ನು ಸುಟ್ಟು ನೋಡಬೇಕು. ಅಪ್ಪಟ ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ; ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇನ್ನೊಂದು ಅಂಗಿಯ ಅಳತೆಯನ್ನು ಬರೆದಿಟ್ಟು, ಅಚ್ಚು ಹಾಕಿ, ಐದಾರು ಬಾರಿ ಒಗೆದು ಮತ್ತೆ ಅಳೆದರೆ ಕುಗ್ಗುವುದೂ ಪಕ್ಕದ ಹೊಲಿಗೆ ತಿರುಚುವುದೂ ಗೊತ್ತಾಗುತ್ತದೆ. ಇವು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಬಲ್ಲ ಪ್ರಯೋಗಗಳು.

ಇಷ್ಟೆಲ್ಲ ಪ್ರಶ್ನೆ ಕೇಳಿದರೆ ಐವತ್ತು ಅಂಗಿ ಕೊಳ್ಳುವವರಿಗೆ ವ್ಯಾಪಾರಿ ಉತ್ತರಿಸುತ್ತಾನೆಯೇ ಎಂಬ ಸಂದೇಹ ಸಹಜ. ಒಬ್ಬೊಬ್ಬರೇ ಹೋದರೆ ಉತ್ತರಿಸಲಿಕ್ಕಿಲ್ಲ. ತಾಲ್ಲೂಕಿನ ನಾಲ್ಕಾರು ಘಟಕಗಳು ತಮ್ಮ ಬೇಡಿಕೆಯನ್ನು ಒಟ್ಟುಗೂಡಿಸಿ, ಒಂದೇ ತೂಕ, ಎರಡೇ ಬಣ್ಣ ಎಂದು ನಿಶ್ಚಯಿಸಿ ಒಮ್ಮೆಲೇ ತರಿಸಿದರೆ ದರವೂ ಇಳಿಯುತ್ತದೆ, ಸಾಗಣೆಯೂ ಉಳಿಯುತ್ತದೆ, ಪ್ರಶ್ನೆಗೂ ಬೆಲೆ ಬರುತ್ತದೆ. ಹಾಲು, ಅಡಿಕೆಗಳನ್ನು ಸಹಕಾರಿ ಸಂಘಗಳ ಮೂಲಕ ಮಾರಲು ಕಲಿತ ಮಲೆನಾಡಿಗೆ ಕೂಡಿ ಕೊಳ್ಳುವುದು ಕಷ್ಟವಾಗಬಾರದು. ಜುಬ್ಬಾ, ಚೀಲಗಳಿಗೆ ಕೈಮಗ್ಗದ ಬಟ್ಟೆಯಿದೆ. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣವನ್ನು ಬಟ್ಟೆಗೆ ಹಿಡಿಸುವ ಕೆಲಸವನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಚರಕ ಮಹಿಳಾ ಸಹಕಾರಿ ಸಂಘ ಮಾಡಿ ತೋರಿಸಿದೆ.

ಕಡೆಯದಾಗಿ ಸ್ವಂತ ಅಂಗಳದ ಮಾತು. ತಿರುಪ್ಪೂರಿನವರನ್ನು ಪ್ರಶ್ನಿಸುವವರು ತಮ್ಮ ಜಾಲರಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಉತ್ತರ ಕೊಡಬೇಕು. ಅಚ್ಚಿಗೆ ಬಳಸುವ ಪ್ಲಾಸ್ಟಿಸಾಲ್ ಪಿವಿಸಿಯಿಂದ ಮಾಡಿದ್ದು. ನೀರಿನಲ್ಲಿ ಬೆರೆಯುವ ಬಣ್ಣ ಅದಕ್ಕಿಂತ ಮೇಲಾದರೂ ಹಳ್ಳಕ್ಕೆ ಬಿಡುವಂಥದ್ದಲ್ಲ. ಉಳಿದ ಬಣ್ಣವನ್ನು ಕೆರೆದು ಡಬ್ಬಿಗೇ ಮರಳಿ ತುಂಬಿ, ಜಾಲರಿಯನ್ನು ಒರೆಸಿದ ನಂತರವೇ ತೊಳೆಯಬೇಕು. ಆ ನೀರು ಹಳ್ಳಕ್ಕಾಗಲಿ ಬಾವಿಯ ಬದಿಗಾಗಲಿ ಹೋಗಕೂಡದು. ಮೇಲಿನ ಊರಿನವರು ಬಿಟ್ಟ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ ಎಂಬುದು ಘಟ್ಟದ ಜನರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಅಂಗಿ ಕೊಳ್ಳುವಾಗಲೂ ಅದು ನೆನಪಿರಲಿ.