ಮೊಮ್ಮಗನ ಗಣಕಯಂತ್ರವೂ ಕೆರೆಯ ಹೂಳೂ



ಮೂವತ್ತೈದು ವರ್ಷ ಷಟ್ಪದಿಗಳಿಗೆ ಪ್ರಸ್ತಾರ ಹಾಕಿಸುತ್ತ, ಸಮಾಸ ಬಿಡಿಸುತ್ತ ಕಳೆದವನು ಆಪರೇಟಿಂಗ್ ಸಿಸ್ಟಮ್ ಕುರಿತು ಅಭಿಪ್ರಾಯ ಹೇಳಲು ಹೊರಟರೆ, ಬೆಂಗಳೂರಿನ ಕಂಪನಿಗಳಲ್ಲಿ ದೊಡ್ಡ ಹುದ್ದೆಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ನಗುವುದು ಖಂಡಿತ. ನಗಲಿ. ತಪ್ಪಿದ್ದರೆ ತಿದ್ದಲಿ. ನಿಮ್ಮ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನಲ್ಲ, ಈಗ ಸರದಿ ನಿಮ್ಮದು.

2025ರ ದೀಪಾವಳಿಯ ರಜೆಗೆ ಮಗಳ ಮಗ ಮೈಸೂರಿಗೆ ಬಂದಿದ್ದ. ಎಂಜಿನಿಯರಿಂಗ್ ಮೂರನೆಯ ವರ್ಷ. ಬಂದವನು ಕಾಲು ತೊಳೆದು ಕಾಫಿ ಕುಡಿಯುವ ಮೊದಲೇ ನನ್ನ ಗಣಕಯಂತ್ರದ ಮುಂದೆ ಕುಳಿತ. ಅದು 2016ರಲ್ಲಿ ಕೊಂಡದ್ದು. ಅದರಲ್ಲಿ ಇದ್ದದ್ದು ವಿಂಡೋಸ್ 10. ಆ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ ಮುಕ್ತಾಯಗೊಳಿಸಿತ್ತು. ಮುಂದಿನದಾದ ವಿಂಡೋಸ್ 11ಕ್ಕೆ ಹೊಸ ಬಗೆಯ ಪ್ರೊಸೆಸರೂ ಟಿಪಿಎಂ ಎಂಬ ಭದ್ರತಾ ಸಾಧನವೂ ಬೇಕಂತೆ. ನನ್ನ ಯಂತ್ರ ಆ ಪರೀಕ್ಷೆಯಲ್ಲಿ ಅನುತ್ತೀರ್ಣ.

"ತಾತ, ನಿಮ್ಮ ಕಂಪ್ಯೂಟರ್‌ಗೆ ಏನೂ ಆಗಿಲ್ಲ. ಕೆಲಸ ಮಾಡೋ ಎತ್ತನ್ನ ಕಟುಕನಿಗೆ ಕೊಡಿ ಅಂತಿದಾರೆ, ಅಷ್ಟೆ," ಎಂದ.

ಇದು ಅತಿಯಾಯಿತು ಎಂದೆ. ಆ ವ್ಯವಸ್ಥೆ ಬಂದದ್ದು 2015ರಲ್ಲಿ; ಹತ್ತು ವರ್ಷ ನೋಡಿಕೊಂಡಿದ್ದಾರೆ, ಇನ್ನೂ ಒಂದು ವರ್ಷ ಭದ್ರತಾ ಪರಿಷ್ಕರಣೆ ಪಡೆಯುವ ದಾರಿಯನ್ನೂ ಬಿಟ್ಟಿದ್ದಾರೆ. ಯಾವ ಅಂಗಡಿಯವನು ಹತ್ತು ವರ್ಷದ ಹಿಂದಿನ ಮಿಕ್ಸಿಯನ್ನು ರಿಪೇರಿ ಮಾಡಿಕೊಡುತ್ತಾನೆ? ಅವನು ಒಪ್ಪಲಿಲ್ಲ. ಮಿಕ್ಸಿಯನ್ನಾದರೆ ಬೀದಿಯ ಮೂಲೆಯ ರಿಪೇರಿಯವನು ಬಿಚ್ಚಿ ನೋಡಬಹುದು, ಇದನ್ನು ಬಿಚ್ಚಲು ಮಾಡಿದವನಲ್ಲದೆ ಬೇರೆಯವರಿಗೆ ಅಧಿಕಾರವೇ ಇಲ್ಲ ಎಂಬುದು ಅವನ ವಾದ. ಅಲ್ಲಿಂದ ಮೂರು ದಿನ ನಮ್ಮ ಮನೆಯಲ್ಲಿ ಪಟಾಕಿಗಿಂತ ಹೆಚ್ಚು ಸದ್ದು ಮಾಡಿದ್ದು ಈ ಚರ್ಚೆಯೇ.

ಅವನಿಂದ ನಾನು ಕಲಿತದ್ದನ್ನು ಗೊತ್ತಿಲ್ಲದವರಿಗಾಗಿ ಸಂಕ್ಷೇಪವಾಗಿ ಬರೆಯುತ್ತೇನೆ. ಗಣಕದ ಯಂತ್ರಭಾಗಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಯಾರಿಗೆ ಎಷ್ಟು ಜಾಗ, ಯಾರಿಗೆ ಎಷ್ಟು ಹೊತ್ತು ಎಂದು ಹಂಚುವ ಮೇಲ್ವಿಚಾರಕನೇ ಆಪರೇಟಿಂಗ್ ಸಿಸ್ಟಮ್. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಇಂಥದೊಂದು ತಿರುಳನ್ನು ಹವ್ಯಾಸಕ್ಕೆಂದು ಬರೆಯತೊಡಗಿದ. ಇದೇನೂ ದೊಡ್ಡದಾಗಲಾರದು ಎಂದೇ ಅವನು ಪ್ರಕಟಿಸಿದ್ದಂತೆ. ಇಂದು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದು ಆ ಲಿನಕ್ಸ್ ತಿರುಳೇ. ಜಗತ್ತಿನ ಅತಿವೇಗದ ಐನೂರು ಮಹಾಗಣಕಗಳ ಪಟ್ಟಿಯಲ್ಲಿ 2017ರಿಂದೀಚೆಗೆ ಲಿನಕ್ಸ್ ಅಲ್ಲದ್ದು ಒಂದೂ ಇಲ್ಲ. ಆದರೆ ತತ್ತ್ವದ ಮಾತನ್ನು ಅದಕ್ಕೂ ಮೊದಲು, 1983ರಲ್ಲೇ ಆರಂಭಿಸಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಓಡಿಸುವ, ಒಳಗನ್ನು ನೋಡುವ, ತಿದ್ದುವ, ತಿದ್ದಿದ್ದನ್ನು ಹಂಚುವ ಸ್ವಾತಂತ್ರ್ಯ ಬಳಸುವವನಿಗೆ ಇರಬೇಕು ಎಂಬುದು ಅವರ ನಿಲುವು.

ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದಕ್ಕೆ ಬಿಟ್ಟಿ ಎಂದೂ ಸ್ವತಂತ್ರ ಎಂದೂ ಅರ್ಥವಿರುವುದರಿಂದ ಅವರು ಇದನ್ನು ವಿವರಿಸುತ್ತಲೇ ಇರಬೇಕಾಯಿತಂತೆ. ನಮಗೆ ಆ ತೊಂದರೆಯಿಲ್ಲ; 'ಉಚಿತ' ಬೇರೆ, 'ಮುಕ್ತ' ಬೇರೆ. (ಉಚಿತ ಎಂದರೆ ಯೋಗ್ಯವಾದದ್ದು ಎಂಬುದೇ ಮೂಲಾರ್ಥ. ಕಾಸು ಕೊಡದೆ ಬರುವುದೇ ಯೋಗ್ಯವೆಂದು ನಮ್ಮವರು ಯಾವಾಗ ತೀರ್ಮಾನಿಸಿದರೋ ಕಾಣೆ!)

ಇಷ್ಟೆಲ್ಲ ಕೇಳಿದ ಮೇಲೂ ನನಗೆ ಇದು ಹುಡುಗರ ಹುಮ್ಮಸ್ಸು ಎಂದೇ ಅನಿಸಿತ್ತು. ನನ್ನ ಮನಸ್ಸನ್ನು ತಿರುಗಿಸಿದ್ದು ವಾದವಲ್ಲ, ಒಂದು ಹಳೆಯ ಸಿ.ಡಿ.

1999ರಿಂದ 2005ರವರೆಗೆ ನಮ್ಮ ಶಾಲೆಯ ಕೈಬರಹ ಪತ್ರಿಕೆಯ ಒಳ್ಳೆಯ ಬರಹಗಳನ್ನು ನಾನು ಸಂಜೆ ಹೊತ್ತು ಕುಳಿತು ಬೆರಳಚ್ಚು ಮಾಡುತ್ತಿದ್ದೆ. ಮೊದಲು ಫ್ಲಾಪಿಗಳಲ್ಲಿ, ಆಮೇಲೆ ಸಿ.ಡಿ.ಯಲ್ಲಿ ಇಟ್ಟೆ. ನಿಮ್ಮಲ್ಲಿ ಹಲವರ ಮೊದಲ ಕವಿತೆ, ಮೊದಲ ಪ್ರವಾಸಕಥನ ಅದರಲ್ಲಿದೆ. ನಮ್ಮ ತಾಯಿ ಹೇಳುತ್ತಿದ್ದ ನೂರಕ್ಕೂ ಹೆಚ್ಚು ಗಾದೆಗಳನ್ನೂ ಅದರಲ್ಲೇ ಬರೆದಿಟ್ಟಿದ್ದೆ. ಆಕೆ ತೀರಿಕೊಂಡು ಹದಿನೆಂಟು ವರ್ಷವಾಯಿತು. ಆ ಗಾದೆಗಳಿಗೆ ಬೇರೆ ಪ್ರತಿಯಿಲ್ಲ.

ಕಡತ ತೆರೆಯಿತು. ಆದರೆ ಕನ್ನಡ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳು, ಕೊಕ್ಕೆಗಳು, ನಾಣ್ಯಚಿಹ್ನೆಗಳು ಇರುವೆ ಮುತ್ತಿದಂತೆ ಪುಟದ ತುಂಬ ಹರಡಿದ್ದವು. ಕಾರಣವನ್ನು ಮೊಮ್ಮಗ ವಿವರಿಸಿದ. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ಥಿರವಾದ ಸಂಖ್ಯೆ ಕೊಡುವ ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಅಕ್ಷರಶೈಲಿಯನ್ನೂ ಹೊತ್ತು ಬಂದಿತ್ತು. ಆದರೂ ನಾನು ಬಳಸಿದ ತಂತ್ರಾಂಶವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ, ತನ್ನದೇ ಅಕ್ಷರಶೈಲಿ ಇದ್ದರೆ ಮಾತ್ರ ಓದಲು ಬರುವಂತೆ ಮಾಡಿತ್ತು. ಯಾವ ಚೂರು ಯಾವ ಜಾಗದಲ್ಲಿದೆ ಎಂಬ ಪಟ್ಟಿ ಮಾಡಿದವರ ಬಳಿಯೇ ಉಳಿಯಿತು. ಅವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. (ಹೆಸರು ಬೇಡ. ಆ ಕಾಲಕ್ಕೆ ಅವರು ಮಾಡಿದ್ದು ಉಪಕಾರವೇ.)

ಆ ಹೊತ್ತು ನನಗೆ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ನಾನೇ ಬರೆದದ್ದು, ನನ್ನ ಭಾಷೆಯಲ್ಲಿಯೇ ಬರೆದದ್ದು, ನನ್ನ ಮನೆಯ ಬೀರುವಿನಲ್ಲಿಯೇ ಇದ್ದದ್ದು. ಓದಲು ಮಾತ್ರ ಬಾರದು.

ಹಳೆಯ ಅಕ್ಷರಶೈಲಿಗಳಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವೊಂದನ್ನು ಕನ್ನಡಿಗರೊಬ್ಬರು ಬರೆದು ಮೂಲ ಸಂಕೇತದ ಸಹಿತ ಮುಕ್ತವಾಗಿ ಬಿಟ್ಟಿದ್ದಾರೆ. ಅದು ನನ್ನ ಕಡತಗಳಿಗೆ ನೇರವಾಗಿ ಒಗ್ಗಲಿಲ್ಲ. ಒತ್ತಕ್ಷರಗಳೆಲ್ಲ ತಪ್ಪಿ ಬಂದವು. ಒಳಗು ತೆರೆದಿದ್ದರಿಂದ ಮೊಮ್ಮಗ ಅದರ ಪಟ್ಟಿಯನ್ನು ತಿದ್ದತೊಡಗಿದ. "ತಾತ, ಇಲ್ಲಿ ಏನಿರಬೇಕು?" ಎಂದು ಅವನು ಕೇಳುವುದು, ವಾಕ್ಯದ ಹಿಂದುಮುಂದು ನೋಡಿ ನಾನು ಊಹಿಸುವುದು. ಹೀಗೆ ಎರಡು ಮಧ್ಯಾಹ್ನ ಕುಳಿತೆವು. ಅರ್ಕಾವತ್ತು ಎಲ್ಲಿ ಬರುತ್ತದೆಂದು ಎಂಜಿನಿಯರಿಂಗ್ ಹುಡುಗನಿಗೆ ಪಾಠ ಹೇಳಿದ್ದು ನಿವೃತ್ತಿಯ ನಂತರ ನನಗೆ ಸಿಕ್ಕ ದೊಡ್ಡ ಸಂತೋಷ. ಎರಡನೆಯ ದಿನ ಸಂಜೆ ತಾಯಿಯ ಗಾದೆಗಳು ಪರದೆಯ ಮೇಲೆ ಒಂದೊಂದಾಗಿ ಬಂದವು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಓದಿಸಿದೆ.

ಆ ರಾತ್ರಿ ನೆನಪಾದದ್ದು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆ. ನಿಮಗೂ ನೆನಪಿರಬೇಕು. ನಾಲ್ಕು ಯಂತ್ರಗಳು, ಅವಕ್ಕೆ ಧೂಳು ಬೀಳದಂತೆ ಹೂವಿನ ಚಿತ್ರದ ಹೊದಿಕೆ, ಬಾಗಿಲಿಗೆ ಗೋದ್ರೆಜ್ ಬೀಗ. ಹಾಳಾದೀತೆಂಬ ಭಯದಿಂದ ನೀವು ಕಿಟಕಿಯ ಸರಳು ಹಿಡಿದು ನೋಡಿದಿರೇ ಹೊರತು ಮುಟ್ಟಲಿಲ್ಲ. ಬೀಗದ ಕೈ ಒಂದು ವರ್ಷ ನನ್ನ ಬಳಿಯೇ ಇತ್ತು. ಅದನ್ನು ಜೋಪಾನ ಮಾಡುವುದೇ ನನ್ನ ಕರ್ತವ್ಯವೆಂದು ನಂಬಿದ್ದೆ.

ಇನ್ನು ಆಟದ ವಿಷಯ. ಹಗಲೆಲ್ಲ ನನಗೆ ಮುಕ್ತ ತಂತ್ರಾಂಶದ ಉಪದೇಶ ಮಾಡಿದ ಮಹಾಶಯ ರಾತ್ರಿ ಒಂಬತ್ತಾದರೆ ತನ್ನ ಲ್ಯಾಪ್‌ಟಾಪನ್ನು ಲಿನಕ್ಸಿನಿಂದ ವಿಂಡೋಸಿಗೆ ತಿರುಗಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, 'ವ್ಯಾಲರಂಟ್' ಎಂಬ ಗುಂಡು ಹಾರಿಸುವ ಆಟಕ್ಕೆ ಕೂರುತ್ತಿದ್ದ!

"ಏನೋ ಇದು?" ಎಂದೆ.

"ಇದು ಲಿನಕ್ಸ್‌ನಲ್ಲಿ ಓಡಲ್ಲ ತಾತ. ಬೇರೆ ಎಷ್ಟೋ ಆಟ ಓಡುತ್ತೆ, ಇದು ಮಾತ್ರ ಇಲ್ಲ. ಫ್ರೆಂಡ್ಸೆಲ್ಲ ಇದನ್ನೇ ಆಡ್ತಾರೆ. ನಾನೊಬ್ನೇ ಕೂತು ಏನು ಮಾಡ್ಲಿ?"

ವಾಲ್ವ್ ಎಂಬ ಕಂಪನಿ 2018ರಲ್ಲಿ 'ಪ್ರೋಟಾನ್' ಎಂಬ ದುಭಾಷಿಯನ್ನು ಬಿಡುಗಡೆ ಮಾಡಿದ ಮೇಲೆ ವಿಂಡೋಸಿನ ಸಾವಿರಾರು ಆಟಗಳು ಲಿನಕ್ಸಿನಲ್ಲೂ ನಡೆಯುತ್ತವಂತೆ. ಆದರೆ ಈ ಆಟಕ್ಕೆ ಒಬ್ಬ ಕಾವಲುಗಾರನಿದ್ದಾನೆ. ಆಟಗಾರರು ಮೋಸ ಮಾಡದಂತೆ ತಡೆಯುವುದು ಅವನ ಕೆಲಸ. ಅದಕ್ಕಾಗಿ ಅವನು ಯಂತ್ರ ಎದ್ದ ಗಳಿಗೆಯಿಂದಲೇ ಕರ್ನಲ್ಲಿನೊಳಗೆ ಕುಳಿತಿರುತ್ತಾನೆ. ಹೆಬ್ಬಾಗಿಲಿನಲ್ಲಿ ನಿಲ್ಲಬೇಕಾದ ಕಾವಲುಗಾರನನ್ನು ಗರ್ಭಗುಡಿಗೆ ಬಿಟ್ಟುಕೊಂಡಂತಾಯಿತಲ್ಲ ಎಂದೆ. ಆ ಜಾಗ ಎಂಥದೆಂಬುದಕ್ಕೆ 2024ರ ಜುಲೈ 19ರ ಸಂಗತಿಯೇ ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ, ಹೀಗೆಯೇ ತಿರುಳಿನೊಳಗೆ ಕುಳಿತ ತಂತ್ರಾಂಶಕ್ಕೆ ದೋಷದ ಪರಿಷ್ಕರಣೆಯೊಂದು ಹೋಗಿ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿ ನಿಂತವು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು.

ಅವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. "ಗೊತ್ತಿದ್ದೇ ಬಿಟ್ಕೊಂಡಿದೀನಿ ತಾತ," ಎಂದ. ಆ ಉತ್ತರ ನನಗೆ ಹಿಡಿಸಿತು. ತತ್ತ್ವಕ್ಕಾಗಿ ಗೆಳೆಯರನ್ನು ಬಿಡು ಎಂದು ಇಪ್ಪತ್ತು ವರ್ಷದವನಿಗೆ ಹೇಳುವಷ್ಟು ಮುದುಕ ನಾನಾಗಿಲ್ಲ. ನಾವೂ ಮೇಷ್ಟ್ರಿಗೆ ಕಾಣದಂತೆ ಚೌಕಾಬಾರ ಆಡಿದವರೇ. ಮಗಳಿಗೆ ಮಾತ್ರ ಈ ಆಟವೆಂದರೆ ಮೈ ಉರಿ. "ಅಪ್ಪ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ?" ಎಂದು ಫೋನಿನಲ್ಲಿ ಕೇಳಿದಾಗ ಹನ್ನೊಂದು ಎಂದೆ. (ಅವಳು ಇದನ್ನು ಓದುತ್ತಾಳೆ. ಹನ್ನೆರಡೂವರೆಯಮ್ಮ, ಕ್ಷಮಿಸು.)

ಹಣ ಕಟ್ಟಿ ಆಡುವುದರ ಬಗ್ಗೆ ಮಾತ್ರ ನನಗೆ ದಾಕ್ಷಿಣ್ಯವಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಇಬ್ಬರು ಮಕ್ಕಳ ತಂದೆ, ಫೋನಿನಲ್ಲಿ ಇಸ್ಪೀಟಾಡಿ ಸಾಲ ಮಾಡಿಕೊಂಡು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಅತ್ತದ್ದನ್ನು ಕಂಡಿದ್ದೇನೆ. ಕರ್ನಾಟಕ 2021ರಲ್ಲಿ ತಂದ ಕಾಯಿದೆಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣದ ಆಟವನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿತು. ಆ ಗೆರೆ ಎಳೆದದ್ದು ಸರಿ. ಮೊಮ್ಮಗನೂ ಇದನ್ನು ಒಪ್ಪಿದ. ಮೂರು ದಿನದಲ್ಲಿ ನಾವು ಜಗಳವಿಲ್ಲದೆ ಒಪ್ಪಿದ್ದು ಇದೊಂದನ್ನೇ.

ಅವನು ಒಪ್ಪದ, ಆದರೆ ನಾನು ಬಿಡಲಾರದ ಮಾತೊಂದಿದೆ. ತೆರೆದಿಟ್ಟರೆ ಸಾಕು, ಸಾವಿರ ಕಣ್ಣು ನೋಡುತ್ತವೆ, ತಪ್ಪು ತಾನಾಗಿ ಸಿಗುತ್ತದೆ ಎಂದು ಅವನ ನಂಬಿಕೆ. ಅವನೇ ಹೇಳಿದ ಕಥೆಯನ್ನು ನಾನು ಅವನಿಗೆ ತಿರುಗಿಸಿದೆ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ಮುಕ್ತ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬನೇ, ಸಂಬಳವಿಲ್ಲದೆ, ದಣಿದು ನೋಡಿಕೊಳ್ಳುತ್ತಿದ್ದ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು, ಎರಡು ವರ್ಷ ನೆರವಾಗಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತನ್ನ ಯಂತ್ರಕ್ಕೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿ ಹುಡುಕಿದಾಗ ಅದು ಸಿಕ್ಕಿತು. ಆತ ಮೈಕ್ರೋಸಾಫ್ಟಿನ ನೌಕರ ಎಂಬುದನ್ನು ಮೊಮ್ಮಗ ಕೊನೆಗೆ, ಸ್ವಲ್ಪ ಸಣ್ಣ ದನಿಯಲ್ಲಿ, ಸೇರಿಸಿದ.

ಊರಿನ ಕೆರೆ ಎಲ್ಲರದ್ದು. ಹೂಳು ಎತ್ತುವವರು ಯಾರು? ಹಿಂದಿನವರು ಇದನ್ನು ಯೋಚಿಸಿದ್ದರು. ಕೆರೆ ಕಟ್ಟಿಸಿದ್ದನ್ನು ಹೇಳುವ ನಮ್ಮ ಶಾಸನಗಳಲ್ಲಿ ಅದನ್ನು ಕಾಯ್ದುಕೊಂಡು ಬರುವುದಕ್ಕಾಗಿ ಭೂಮಿ ಬಿಟ್ಟದ್ದೂ ಕಾಣುತ್ತದೆ. ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳನ್ನು ತರಗತಿಯಲ್ಲಿ ವಿವರಿಸಿದ್ದು ಕೆಲವರಿಗಾದರೂ ನೆನಪಿರಬಹುದು. ಕೆರೆ ಕಟ್ಟಿಸಿದ ಪುಣ್ಯದಿಂದಲೇ ನೀರು ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ನನ್ನ ಅಭಿಪ್ರಾಯ ಇಷ್ಟು. ಮನೆಯ ಆಟಕ್ಕೆ ಯಾರು ಯಾವ ವ್ಯವಸ್ಥೆಯನ್ನಾದರೂ ಬಳಸಲಿ. ಆದರೆ ಶಾಲೆಯ ಪಾಠ, ಸರ್ಕಾರದ ದಾಖಲೆ, ಕನ್ನಡದ ಬರಹ ಇವು ಮುಂದಿನವರೂ ತೆರೆಯಬಲ್ಲ ರೂಪದಲ್ಲಿಯೇ ಇರಬೇಕು. ನೆರೆಯ ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಕಲಿಯುತ್ತಿರುವುದು ಮುಕ್ತ ತಂತ್ರಾಂಶದ ಮೇಲೆಯೇ. ಶಾಲೆಗಳಿಗೆಂದೇ ಲಿನಕ್ಸಿನ ಒಂದು ಬಗೆಯನ್ನು ಅವರು ಸಿದ್ಧಪಡಿಸಿಕೊಂಡಿದ್ದಾರೆ. ಆಗದ ಕೆಲಸವೇನಲ್ಲ. ಅದರ ಜೊತೆಗೆ, ಕನ್ನಡದ ಅಕ್ಷರಶೈಲಿಗಳನ್ನೂ ಪರಿವರ್ತಕಗಳನ್ನೂ ರಾತ್ರಿ ನಿದ್ದೆಗೆಟ್ಟು ನೋಡಿಕೊಳ್ಳುತ್ತಿರುವವರಿಗೆ ಒಂದು ಕಟ್ಟುಗೊಡಗೆ ಬೇಕು. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಸಾಲದು; ತಿಂಗಳು ತಿಂಗಳು ಬರುವ ಸಂಬಳ ಬೇಕು. ಕಂಪನಿಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ಈ ಮಾತನ್ನು ಮುಖ್ಯವಾಗಿ ನಿಮಗೇ ಹೇಳುತ್ತಿದ್ದೇನೆ.

ನನ್ನ ಯಂತ್ರದಲ್ಲಿ ಈಗ ಲಿನಕ್ಸ್ ಮಿಂಟ್ ಇದೆ. ಈ ಬರಹವನ್ನು ಅದರಲ್ಲಿಯೇ ಬೆರಳಚ್ಚಿಸಿದ್ದು. ಮುದ್ರಕ ಇನ್ನೂ ಒಮ್ಮೊಮ್ಮೆ ಹಟ ಹಿಡಿಯುತ್ತದೆ. ಆಗ ಮೊಮ್ಮಗನಿಗೆ ಫೋನು ಮಾಡುತ್ತೇನೆ, ರಾತ್ರಿ ಒಂಬತ್ತರ ಮೇಲಾದರೆ ಅವನು ಎತ್ತುವುದಿಲ್ಲ. ಕೈಬರಹ ಪತ್ರಿಕೆಯ ಆರು ಸಂಚಿಕೆಗಳು ಸರಿಯಾಗಿ ಬಂದಿವೆ, ಒಂದೊಂದಾಗಿ ಇಲ್ಲಿ ಹಾಕುತ್ತೇನೆ. 2003ನೆಯ ಇಸವಿಯದು ಸಿ.ಡಿ.ಗೆ ಹೋಗಿರಲಿಲ್ಲ, ಅದಿದ್ದ ಮೂರು ಫ್ಲಾಪಿಗಳಿಗೆ ಬೂಷ್ಟು ಹಿಡಿದಿದೆ. ಆ ವರ್ಷದ ಹತ್ತನೆಯ ತರಗತಿಯವರಲ್ಲಿ ಯಾರ ಬಳಿಯಾದರೂ ಮೂಲ ಪ್ರತಿಯೋ ನೆರಳಚ್ಚೋ ಇದ್ದರೆ ದಯವಿಟ್ಟು ತಿಳಿಸಿ.